ಪೋಸ್ಟರ್ ಕನ್ನಡದಲ್ಲಿ, ಕರಾರು ಇಂಗ್ಲಿಷಿನಲ್ಲಿ!

ತಮ್ಮಾ, ಬಸ್‌ಸ್ಟ್ಯಾಂಡ್ ಕಾಂಪೌಂಡಿನ ಮೇಲೆ ಹಳದಿ ಪೋಸ್ಟರ್ ನೋಡಿದ್ದೀಯಲ್ಲ? ‘ಗಲ್ಫ್ ಆಯಿಲ್ ಕಂಪನಿಯಲ್ಲಿ ಉದ್ಯೋಗ. ಊಟ, ವಸತಿ ಉಚಿತ. ಐಟಿಐ ಪಾಸು, ಫೇಲು ಯಾರಾದರೂ ಬನ್ನಿ.’ ಅಂಥ ಪೋಸ್ಟರುಗಳನ್ನು ನಾನೇ ಅಚ್ಚು ಹಾಕಿಕೊಟ್ಟಿದ್ದೇನೆ. ಎರಡು ಸಾವಿರ ಪ್ರತಿ, ದುಡ್ಡು ಮುಂಗಡ. ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಋಣವಂತೂ ಇದೆ.

ನಮ್ಮ ಬೀದಿಯ ಹುಡುಗನೊಬ್ಬ ಆ ಪೋಸ್ಟರ್ ನಂಬಿ, ಅಮ್ಮನ ಸರ ಅಡವಿಟ್ಟು, ಏಜೆಂಟನಿಗೆ ಒಂದೂವರೆ ಲಕ್ಷ ಸುರಿದು ಸೌದಿಯ ಜುಬೈಲಿಗೆ ಹೋದ. ಮೂರೇ ತಿಂಗಳಿಗೆ ವಾಪಸು! ಅವನು ಸೇರಿದ್ದು ಆಯಿಲ್ ಕಂಪನಿಗಲ್ಲ. ಅದರ ಗುತ್ತಿಗೆದಾರನ ಕೈಕೆಳಗಿನ ಗುತ್ತಿಗೆದಾರನಿಗೆ ಆಳು ಒದಗಿಸುವವನ ಬಳಿಗೆ. ಶಟ್‌ಡೌನ್ ಕೆಲಸ. ಅಂದರೆ ಕಾರ್ಖಾನೆ ನಿಲ್ಲಿಸಿ ಪೈಪು, ಟ್ಯಾಂಕು ತೊಳೆದು ರಿಪೇರಿ ಮಾಡುವ ಒಂದೆರಡು ತಿಂಗಳ ದುಡಿಮೆ. ಹನ್ನೆರಡು ಗಂಟೆ ಪಾಳಿ. ಮುಗಿದ ದಿನ ನೀನು ಬೇಡ. ಕರಾರಿನಲ್ಲಿ ಎಲ್ಲವೂ ಇತ್ತಪ್ಪಾ, ಇಂಗ್ಲಿಷಿನಲ್ಲಿ ಮತ್ತು ಅರಬ್ಬಿಯಲ್ಲಿ! ವಿಮಾನ ಹತ್ತುವ ಹಿಂದಿನ ರಾತ್ರಿ ಮುಂಬೈ ಲಾಡ್ಜೊಂದರಲ್ಲಿ ಸಹಿ ಹಾಕಿಸಿದರಂತೆ.

ಏಜೆಂಟ್ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಇದು ಕೇಂದ್ರ ಸರ್ಕಾರದ ನಿಯಮ. ಏಜೆಂಟನಿಗೆ ಲೈಸೆನ್ಸ್ ಇರಲೇಬೇಕೆಂದು 1983ರ ವಲಸೆ ಕಾಯ್ದೆಯೇ ಹೇಳುತ್ತದೆ. ನಾನು ಅಚ್ಚು ಹಾಕಿದ ಒಂದು ಪೋಸ್ಟರಿನಲ್ಲೂ ಲೈಸೆನ್ಸ್ ನಂಬರ್ ಇರಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ‘6ಜಿ ವೆಲ್ಡರ್ ಬೇಕಾಗಿದ್ದಾರೆ’ ಎಂಬ ಸಾಲು. ಅದು ಮೊಬೈಲ್ ಸಿಗ್ನಲ್ ಅಲ್ಲ. 45 ಡಿಗ್ರಿ ಓರೆಗೆ ಅಲುಗದಂತೆ ನಿಲ್ಲಿಸಿದ ಪೈಪನ್ನು ಸುತ್ತಲೂ ಬೆಸೆಯಬೇಕು, ಬೆಸುಗೆ ಎಕ್ಸ್‌ರೇಯಲ್ಲಿ ಪಾಸಾಗಬೇಕು. ಅದು ಬಾರದಿದ್ದರೆ ನೀನು ಹೆಲ್ಪರ್, ಅಷ್ಟೆ.

ಎಣ್ಣೆಯೂರಿನ ಸಂಬಳ ಎಣ್ಣೆಯ ಬೆಲೆಯ ಜೊತೆಗೇ ಬೀಳುತ್ತದೆ. 2014ರ ಜೂನ್‌ನಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಸೌದಿಯಲ್ಲಿ ಸಾವಿರಾರು ಭಾರತೀಯರು ಸಂಬಳವಿಲ್ಲದೆ ಕ್ಯಾಂಪುಗಳಲ್ಲಿ ಹಸಿದು ಕೂತರು. ನಮ್ಮ ದೂತಾವಾಸದವರು ಊಟ ಹಂಚಬೇಕಾಯಿತು.

ಕೇರಳ 1996ರಲ್ಲೇ ಹೊರದೇಶದಲ್ಲಿರುವ ತನ್ನ ಜನರಿಗಾಗಿ ನೋರ್ಕಾ ಎಂಬ ಇಲಾಖೆ ತೆರೆಯಿತು. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಅದರ ಹೆಸರು ಕೇಳಿದವರು ನಿನ್ನ ಗೆಳೆಯರಲ್ಲಿ ಎಷ್ಟು ಮಂದಿ? ಬೋರ್ಡು ಕನ್ನಡದಲ್ಲಿರಲಿ ಎಂದು ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ನಮ್ಮ ಹುಡುಗರ ಬದುಕು ಬರೆದ ಕಾಗದ ಕನ್ನಡದಲ್ಲಿಲ್ಲ ಎಂದು ಯಾರು ಬೀದಿಗಿಳಿದರು? ಕರಾರಿನ ಕನ್ನಡ ಪ್ರತಿ ಕೈಗೆ ಬಂದು ಹದಿನೈದು ದಿನ ಕಳೆಯುವ ತನಕ ಸಹಿ ಹಾಕಿಸಬಾರದು. ಸರ್ಕಾರದ ಮುಂದೆ ಈ ಬೇಡಿಕೆ ಇಡೋಣ.

ಮೊನ್ನೆ ಏಜೆಂಟ್ ಮತ್ತೆ ಬಂದಿದ್ದ. ಲೈಸೆನ್ಸ್ ತೋರಿಸು, ಕರಾರನ್ನೂ ಕನ್ನಡದಲ್ಲಿ ಕೊಡು, ಎರಡನ್ನೂ ಅಚ್ಚು ಹಾಕುತ್ತೇನೆ ಎಂದೆ. ಬೇರೆ ಪ್ರೆಸ್ಸಿಗೆ ಹೋದ.

ನಿನ್ನ ಕೈಯಲ್ಲಿ ಅಂಥ ಕರಾರು ಇದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಪ್ರೆಸ್ಸಿಗೆ ತಾ. ಇಂಗ್ಲಿಷ್ ಬಲ್ಲ ಗೆಳೆಯರಿದ್ದಾರೆ, ಕೂತು ಸಾಲುಸಾಲಾಗಿ ಓದಿ ಹೇಳುತ್ತಾರೆ. ದುಡ್ಡು ಬೇಡ.