ಝರ್ ಅನ್ನೋ ತಂತಿ, ಬೈಸಿಕೊಂಡ ಬೆರಳು

ಹೋದ ತಿಂಗಳು ನಮ್ಮ ಮನೀಗೆ ಒಂದು ಬೇಸ್ ಗಿಟಾರ್ ಬಂತು. ಮಗಳು ಓಣಿಯ ಸಣ್ಣ ಹುಡುಗೂರಿಗೆ ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಸಿಟ್ಟ ರೊಕ್ಕದಾಗ ಆನ್‌ಲೈನ್ ತರಿಸಿದ್ದು. ಕಾಲೇಜಿನ ಹುಡುಗೂರು ಒಂದು ಬ್ಯಾಂಡ್ ಕಟ್ಯಾರ, ಅದ್ರಾಗ ಬೇಸ್ ಬಾರಿಸೋರು ಯಾರೂ ಇರಲಿಲ್ಲ, "ನಾ ಕಲೀತೀನಿ" ಅಂತ ಇಕಿ ಒಪ್ಪಿಕೊಂಡು ಬಂದಿದ್ಲು. ಡಬ್ಬಿ ಬಿಚ್ಚಿ, ಶ್ರುತಿ ಮಾಡಿ, ದಪ್ಪ ತಂತಿ ಒತ್ತಿ ಮೀಟಿದ್ಲು ನೋಡ್ರಿ, 'ಧುಂ' ಅನ್ನೋ ಬದಲಿ 'ಝರ್‍ರ್' ಅಂತು. ಪಾತೇಲಿ ಮ್ಯಾಲೆ ಮುಚ್ಚಿದ ತಾಟು ಕುದಿ ಬಂದಾಗ ಅಲಗಾಡಿ ಸಪ್ಪಳ ಮಾಡ್ತದಲ್ಲ, ಹಂಗ.

ನಮ್ಮ ಮನಿಯವ್ರು ಪೇಪರ್ ಕೆಳಗ ಇಟ್ಟು, "ಮಾಲು ಖರಾಬ್ ಅದ, ವಾಪಸ್ ಕಳಸು" ಅಂದ್ರು. ಮಗಳು ಅಂಗಡಿಯವರಿಗೆ ಫೋನ್ ಹಚ್ಚಿದ್ಲು. ಅವರು, "ಹೊಸಬರಿಗೆ ಹಂಗ ಆಗ್ತದ ಮೇಡಂ, ಬೆರಳು ಗಟ್ಟಿ ಒತ್ತಬೇಕು" ಅಂದು ಇಟ್ಟುಬಿಟ್ರು. ಇಕಿ ಮೂರು ದಿನ ಗಟ್ಟಿ ಒತ್ತಿದ್ಲು. ಬೆರಳಿನ ತುದಿ ಕೆಂಪಗಾಗಿ ಬಾತು, ಊಟಕ್ಕ ಕೂತಾಗ ಬಿಸಿ ರೊಟ್ಟಿ ಮುರೀಲಿಕ್ಕೂ ಆಗಲಿಲ್ಲ. ನಾಲ್ಕನೇ ದಿನ ಗಿಟಾರ್ ಮತ್ತ ಡಬ್ಬಿಯೊಳಗ ಇಡ್ಲಿಕ್ಕೆ ಹತ್ತಿದ್ಲು. "ಯಾಕವಾ?" ಅಂದ್ರ, "ನನ್ನ ಕೈನೇ ಸಣ್ಣ ಅದಾವ ಅಮ್ಮಾ, ಇದು ನನ್ನ ಕೈಲೆ ಆಗೂದಲ್ಲ. ವಾಪಸ್ ಕಳಸಲಿಕ್ಕೆ ಇನ್ನ ಮೂರು ದಿನ ಅದಾವ" ಅಂದ್ಲು.

ನಂಗ ಸಿಟ್ಟು ಬಂದಿದ್ದು ಅಲ್ಲೆ. ಗಿಟಾರ್ ಮ್ಯಾಲೆ ಅಲ್ಲ, ಆ ಮಾತಿನ ಮ್ಯಾಲೆ. ಹೊಸಾ ಹೊಲಿಗಿ ಮಷೀನ್ ದಾರ ಹರಿದ್ರ "ನಿನ್ನ ಕಾಲೇ ಸರಿ ಇಲ್ಲ" ಅಂತ ಯಾರೂ ಅನ್ನೂದಿಲ್ಲ, ಮೊದಲ ಟೆನ್ಷನ್ ನೋಡ್ತಾರ, ಸೂಜಿ ನೋಡ್ತಾರ. ವಾದ್ಯದ ವಿಷಯ ಬಂದ್ರ ಮಾತ್ರ ಕಲಿಯೋರ ಬೆರಳಿಗೇ ಮೊದಲ ಬೈಗುಳ ಯಾಕ? ನನ್ನ ಅಭಿಪ್ರಾಯ ಇಷ್ಟ ಅದ: ತಂತಿ ಝರ್ ಅಂದ್ರ ಆ ಸಪ್ಪಳ ಎಲ್ಲಿಂದ ಬರ್ತದ ಅಂತ ಮೊದಲ ಹುಡುಕಬೇಕು. ಅಲ್ಲೀತನಕ ಬೆರಳಿಗೂ ಬೈಯಬಾರದು, ಸ್ಕ್ರೂನೂ ತಿರುವಬಾರದು, ಡಬ್ಬಿನೂ ಕಟ್ಟಬಾರದು.

ಬೆರಳಿನ ತಪ್ಪು ಇರೂದೇ ಇಲ್ಲ ಅಂತ ನಾ ಹೇಳೂದಿಲ್ಲ. ಹಿಡಿ ಮ್ಯಾಲೆ ಅಡ್ಡ ಕೂಡಿಸಿದ ಲೋಹದ ಪಟ್ಟಿಗೆ ಫ್ರೆಟ್ ಅಂತಾರಲ್ಲ, ತಂತೀನ ಅದರ ಬೆನ್ನಿಗೇ ಹತ್ತಿ ಒತ್ತಬೇಕು. ಎರಡು ಫ್ರೆಟ್ಟಿನ ನಟ್ಟನಡುವ ಒತ್ತಿದ್ರ ಝರ್ ಅಂತದ. ಬಲಗೈಲೆ ತಂತೀನ ಮ್ಯಾಲೆ ಎತ್ತಿ ಬಿಟ್ರೂ ಅಂತದ. ಆದ್ರ ಅದನ್ನ ಪರೀಕ್ಷೆ ಮಾಡೂದು ಐದು ನಿಮಿಷದ ಕೆಲಸ. ಅಕಿ ಮೆಲ್ಲಕ ಮೀಟಲಿ ಅಂತ ಹೇಳಿ, ಫ್ರೆಟ್ಟಿಗೆ ಹತ್ತಿ ನಾನೇ ಹೆಬ್ಬೆರಳಲೆ ಒತ್ತಿ ಹಿಡಿದೆ. ಚಪಾತಿ ಹಿಟ್ಟು ನಾದಿದ ಹೆಬ್ಬೆರಳು ನಂದು, ಅದಕ್ಕಿಂತ ಗಟ್ಟಿ ಇನ್ಯಾರು ಒತ್ತಬೇಕು? ಆದ್ರೂ ಝರ್ ಅಂತು. ಅಲ್ಲಿಗೆ ಬೆರಳಿನ ಮ್ಯಾಲಿನ ಕೇಸು ಮುಗೀತು.

ಆಮ್ಯಾಲೆ ಹುಡುಕಾಟ. ಮೊದಲ ಗಿಟಾರಿನ ವೈರ್ ಕಿತ್ತು ಮೀಟಿಸಿದೆ. ಸ್ಪೀಕರಿನಿಂದ ಬರೋ 'ಗುಂಯ್' ಬ್ಯಾರೆ, ತಂತಿಯ 'ಝರ್' ಬ್ಯಾರೆ. ತಂತಿ ಮುಟ್ಟಿದ ಕೂಡ್ಲೆ 'ಗುಂಯ್' ಕಡಿಮಿ ಆದ್ರ ಅದು ಕರೆಂಟಿನ, ಅರ್ಥಿಂಗಿನ ಕಡೆ ನೋಡೋ ವಿಷಯ. ನಮ್ಮದು ವೈರ್ ಇಲ್ಲದನೂ ಝರ್ ಅಂತಿತ್ತು, ಅಂದ್ರ ತಂತೀದೇ, ಇಲ್ಲಾ ಅಲ್ಲೇ ಸುತ್ತಮುತ್ತ ಇರೋ ಯಾವುದೋ ಸಾಮಾನಿಂದು. ಹಂಗ ಅಂತ ಕಿವಿಗೊಟ್ರ, ವೈರ್ ಹಚ್ಚಿ ಬಾರಿಸಿದಾಗ ಒಂದು ಸ್ವರಕ್ಕ ಮಾತ್ರ ನಮ್ಮ ಮಾಡದಾಗಿನ ಸ್ಟೀಲ್ ತಾಟುಗಳೂ ಹಾಡ್ಲಿಕ್ಕೆ ಹತ್ತಿದ್ವು! ಅವನ್ನ ತೆಗೆದಿಟ್ವಿ. ಗಿಟಾರಿನ ತಲಿ ಹತ್ತಿರ ಬಿರಡಿ ಕೆಳಗಿನ ಒಂದು ನಟ್ ಸಡಲಾಗಿತ್ತು, ಬೆರಳಲೆ ತಿರುವಿದ್ರ ತಿರುಗ್ತಿತ್ತು. ಅದನ್ನ ಬಿಗಿ ಮಾಡಿದ್ವಿ. ಹಿಂಗ ಮಾಡೂದ್ರಾಗ ಕಾಲು ಭಾಗ ಸಪ್ಪಳ ಹೋತು. ಉಳಿದದ್ದು ಉಳೀತು.

ಬೇಸಿಗೆ ಈ ಕಾಟ ಹೆಚ್ಚು ಯಾಕಂದ್ರ ಅದರ ತಂತಿ ದಪ್ಪ, ಉದ್ದ. ಸಾಮಾನ್ಯ ಬೇಸಿನ ತಂತಿ ನಟ್ಟಿನಿಂದ ಬ್ರಿಜ್ಜಿನ ತನಕ 34 ಇಂಚು ಇರ್ತದ. ಎಲ್ಲಾಕಿಂತ ದಪ್ಪ ತಂತಿ, ಅದಕ್ಕ 'ಇ' ಅಂತಾರ, ಸೆಕೆಂಡಿಗೆ ಸುಮಾರು 41 ಸಲ ಅಲಗಾಡ್ತದ, ಬರೇ ಕಣ್ಣಿಗೂ ಕಾಣಸ್ತದ. ಹುಡುಗೂರು ಹಗ್ಗದಾಟ ಆಡುವಾಗ ಎರಡು ತುದಿಗೆ ಕೈ ಅದಾವ, ನಡುವ ಹಗ್ಗ ಎಲ್ಲಾಕಿಂತ ಅಗಲ ತಿರುಗ್ತದ. ತಂತೀದೂ ಅದೇ ಕಥಿ, ನಡುವ ಅದಕ್ಕ ಜಾಗಾ ಬೇಕು. ಅದಕ್ಕೇ ಹಿಡಿ, ಅಂದ್ರ ನೆಕ್ಕು, ಸ್ಕೇಲಿನಂಗ ನೆಟ್ಟಗ ಇರಬಾರದು, ನಡುವ ಕೂದಲೆಳಿಯಷ್ಟು ತಗ್ಗು ಇರಬೇಕು. 1951ರಾಗ ಲಿಯೋ ಫೆಂಡರ್ ಫ್ರೆಟ್ ಇರೋ ಎಲೆಕ್ಟ್ರಿಕ್ ಬೇಸ್ ಮಾರಾಟಕ್ಕ ತಂದಾಗ ಅದಕ್ಕ 'ಪ್ರಿಸಿಷನ್' ಅಂತ ಹೆಸರಿಟ್ರು, ಫ್ರೆಟ್ ಇರೂದ್ರಿಂದ ಸ್ವರ ಕರಾರುವಾಕ್ಕಾಗಿ ಬೀಳ್ತದ ಅಂತ. ಖರೇ. ಆದ್ರ ಆ ಫ್ರೆಟ್ಟುಗಳೇ ತಂತೀಗೆ ಬಡಿಯೋ ಜಾಗಾನೂ ಹೌದು.

ಸಂಜೀಕ ಒಂದು ಹಳೆ ನೋಟ್‌ಬುಕ್ ತಗೊಂಡು ಕೂತ್ವಿ. ನಾಲ್ಕು ತಂತೀಗೆ ನಾಲ್ಕು ಮನಿ, ಕೆಳಗ 1ರಿಂದ 20ರ ತನಕ ಫ್ರೆಟ್ಟು. ಅಕಿ ಒಂದೊಂದೇ ಮೀಟಿದ್ಲು, ನಾ ಝರ್ ಅಂದಲ್ಲೆ ಗುಣಿಸೋ ಚಿಹ್ನೆ, ಇಲ್ಲದಲ್ಲೆ ಸರಿ ಚಿಹ್ನೆ ಹಾಕ್ಕೋತ ಹೋದೆ. ಅರ್ಧ ತಾಸು ಹಿಡೀತು. ಮುಗಿದ ಮ್ಯಾಲೆ ನೋಡಿದ್ರ ಗುಣಿಸೋ ಚಿಹ್ನೆ ಎಲ್ಲಾ ದಪ್ಪ ಎರಡು ತಂತಿಯ ಮೊದಲ ಐದು ಫ್ರೆಟ್ಟಿನಾಗ ಗುಂಪಾಗಿ ಕೂತಿದ್ವು. ಏಳರ ಮುಂದ ಒಂದೂ ಇಲ್ಲ. ಮಗಳು, "ಅಮ್ಮಾ, ನನ್ನ ಕೈ ಸಣ್ಣ ಇದ್ರ ಬರೇ ಅಲ್ಲೆ ಯಾಕ ಸಣ್ಣ ಇರ್ತಾವ?" ಅಂದ್ಲು. ನಾಲ್ಕು ದಿನದಾಗ ಮೊದಲ ಸಲ ನಕ್ಕಿದ್ಲು.

ಈ ನಕ್ಷೆ ಹೇಳೋದು ಭಾಳ ಅದ. ಮೊದಲ ಐದಾರು ಫ್ರೆಟ್ಟಿನಾಗ ಮಾತ್ರ ಝರ್ ಅಂದ್ರ ನೆಕ್ಕು ಭಾಳ ನೆಟ್ಟಗಾಗೇದ, ಇಲ್ಲಾ ಹಿಂದಕ್ಕ ಬಾಗೇದ ಅಂತ ಸಂಶಯ ಪಡಬೇಕು. ಹನ್ನೆರಡರ ಆಚೆ ಮಾತ್ರ ಅಂದ್ರ ಬ್ರಿಜ್ ಕಡೆ ತಂತಿ ಕೆಳಗ ಕೂತಿರಬಹುದು. ಎಲ್ಲಾ ಕಡೆ ಅಂದ್ರ ಒಟ್ಟು ತಂತೀನೇ ತಗ್ಗಿನಾಗ ಅದಾವ. ಒಂದೇ ಒಂದು ಜಾಗಾದಾಗ ಅಂದ್ರ ಅದರ ಮುಂದಿನ ಫ್ರೆಟ್ಟು ಮ್ಯಾಲೆ ಎದ್ದಿರಬಹುದು. ಒತ್ತದ ಖಾಲಿ ತಂತಿ ಮಾತ್ರ ಝರ್ ಅಂದು, ಒತ್ತಿದ ಕೂಡ್ಲೆ ಸರಿ ಆದ್ರ ತಲಿ ಕಡೆಯ ನಟ್ಟಿನ ಕಚ್ಚು ಆಳ ಆಗಿರಬಹುದು. ಐದು ರೋಗಕ್ಕ ಸಪ್ಪಳ ಒಂದೇ, ಔಷಧ ಬ್ಯಾರೆ ಬ್ಯಾರೆ. ಬ್ರಿಜ್ ಒಂದನ್ನೇ ಎತ್ತಿ ಎಲ್ಲಾ ಸರಿ ಮಾಡ್ತೀನಿ ಅಂದ್ರ ಝರ್ ಹೋಗ್ತದ, ಆದ್ರ ತಂತಿ ಎಷ್ಟು ಎತ್ತರ ಆಗ್ತದಂದ್ರ ಒತ್ತಿ ಒತ್ತಿ ಕಲಿಯೋರು ವಾದ್ಯನೇ ಬಿಟ್ಟುಬಿಡ್ತಾರ.

ಮರುದಿನ ನೆಕ್ಕಿನ ಪರೀಕ್ಷೆ ಮಾಡಿದ್ವಿ. ಶ್ರುತಿ ಸರಿ ಇಟ್ಟು, ದಪ್ಪ ತಂತೀನ ಮೊದಲನೇ ಫ್ರೆಟ್ಟಿನ ಮ್ಯಾಲೆ ಒತ್ತಿ, ನೆಕ್ಕು ಮೈಗೆ ಕೂಡೋ ಜಾಗಾದಾಗ ಇನ್ನೊಂದು ಕೈಲೆ ಒತ್ತಬೇಕು. ಆವಾಗ ತಂತೀನೇ ಒಂದು ನೆಟ್ಟನ ಗೆರಿ ಆಗ್ತದ. ಏಳು-ಎಂಟನೇ ಫ್ರೆಟ್ಟಿನ ಹತ್ತಿರ ತಂತೀಗೂ ಫ್ರೆಟ್ಟಿಗೂ ನಡುವ ಸುಮಾರು 0.3ರಿಂದ 0.4 ಮಿಲಿಮೀಟರ್ ಸಂದಿ ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ಹೊಗಸಿ ನೋಡಿದ್ರ ಅಂದಾಜು ಸಿಗ್ತದ. ನಮ್ಮದ್ರಾಗ ಕಾರ್ಡ್ ಏನು, ತೆಳು ಕಾಗದನೂ ಹೋಗಲಿಲ್ಲ.

ನೆಕ್ಕಿನ ಒಳಗ ಒಂದು ಕಬ್ಬಿಣದ ಸರಳು ಇರ್ತದ, ಟ್ರಸ್ ರಾಡ್ ಅಂತಾರ. ನಾಲ್ಕು ತಂತಿ ನೆಕ್ಕನ್ನ ಮುಂದಕ್ಕ ಎಳೀತಾವ, ಈ ಸರಳು ಅದನ್ನ ಹಿಂದಕ್ಕ ಹಿಡೀತದ. ಡಬ್ಬಿಯೊಳಗ ಬಂದ ಅಲನ್ ಕೀ ಹಾಕಿ, ಗಡಿಯಾರದ ಮುಳ್ಳಿನ ವಿರುದ್ಧ ಕಾಲು ಸುತ್ತು ಸಡಲ ಮಾಡಿದ್ವಿ. ಬರೇ ಕಾಲು ಸುತ್ತು. ಗಟ್ಟಿ ಹಿಡಕೊಂಡಿದ್ರ ಜೋರು ಮಾಡಲೇಬಾರದು, ಅಲ್ಲಿಗೇ ನಿಲ್ಲಿಸಿ ರಿಪೇರಿ ಗೊತ್ತಿದ್ದವ್ರ ಹತ್ತಿರ ಒಯ್ಯಬೇಕು. ತಿರುವಿ, ಮತ್ತ ಶ್ರುತಿ ಮಾಡಿ, ರಾತ್ರಿ ಬಿಟ್ವಿ. ಕಟ್ಟಿಗಿ ಕೂಡ್ಲಿಕ್ಕೆ ಟೈಮ್ ಬೇಕು. ಮುಂಜಾನೆ ನೋಡಿದ್ರ ಕಾಗದ ಹೋತು, ಕಾರ್ಡ್ ಹೋಗಲಿಲ್ಲ. ಇನ್ನೊಂದು ಕಾಲು ಸುತ್ತು. ಅದರ ಮರುದಿನ ಕಾರ್ಡ್ ಹೋತು. ಆಮ್ಯಾಲೆ ಬ್ರಿಜ್ಜಿನ ಮ್ಯಾಲೆ ದಪ್ಪ ತಂತಿ ಕೂಡೋ ಸ್ಯಾಡಲ್ ಸ್ಕ್ರೂ ಅರ್ಧ ಸುತ್ತು ಎತ್ತಿದ್ವಿ. ಹನ್ನೆರಡನೇ ಫ್ರೆಟ್ಟಿನ ಮ್ಯಾಲೆ ದಪ್ಪ ತಂತಿ ಎರಡೂವರಿ ಮಿಲಿಮೀಟರ್ ಎತ್ತರಕ್ಕ ಬಂತು. ಒಂದು ಸಲಕ್ಕ ಒಂದೇ ಬದಲು, ಪ್ರತಿ ಬದಲಿನ ಮ್ಯಾಲೂ ನೋಟ್‌ಬುಕ್ಕಿನಾಗ ಹೊಸಾ ನಕ್ಷೆ. ಕಡೀ ಪುಟದಾಗ ಎರಡೇ ಗುಣಿಸೋ ಚಿಹ್ನೆ ಉಳಿದಿದ್ವು, ಅವೂ ಜೋರು ಮೀಟಿದಾಗ ಮಾತ್ರ. ವೈರ್ ಹಚ್ಚಿ ಬಾರಿಸಿದ್ರ ಕೇಳಿಸೂದೇ ಇಲ್ಲ. ಅಲ್ಲಿಗೆ ಸಾಕು ಅಂತ ಕೈಬಿಟ್ವಿ.

ಇದೆಲ್ಲಾ ನೋಡ್ಕೋತ ಕೂತಿದ್ದ ನಮ್ಮ ಅತ್ತಿಯವರು ಒಂದು ಮಾತು ಹೇಳಿದ್ರು. ಅವರ ಹತ್ತಿರ ಮಿರಜ್‌ದಾಗ ಮಾಡಿಸಿದ ತಂಬೂರಿ ಅದ. "ನಾವು ಝೇಂಕಾರ ಬರ್ಲಿ ಅಂತ ಕುದುರಿ ಮ್ಯಾಲೆ ದಾರ ಇಡ್ತೀವಿ, ನೀವು ಬ್ಯಾಡ ಅಂತ ಇಷ್ಟು ಒದ್ದಾಡ್ಲಿಕ್ಹತ್ತೀರಿ" ಅಂತ. ಖರೇನ. ತಂಬೂರಿಯ ಜವಾರಿ ಅಂದ್ರ ತಂತಿ ಅಗಲ ಕುದುರಿಯ ಮ್ಯಾಲೆ ಮುಟ್ಟಿಯೂ ಮುಟ್ಟಧಂಗ ಅಲಗಾಡಿ ಹುಟ್ಟೋ ಸಪ್ಪಳ. ಆ ದಾರ ಒಂದು ಕೂದಲೆಳಿಯಷ್ಟು ಸರಿದ್ರೂ ತಂಬೂರಿ ಮೂಕ ಆಗ್ತದ. "ನಮ್ಮ ಗುರುಗಳು ಮೊದಲನೇ ದಿನ ಹಾಡಿಸಲೇ ಇಲ್ಲ, ದಾರ ಸರಿಸಿ ಕೇಳು ಅಂದ್ರು" ಅಂದ್ರು ಅತ್ತಿ. ವಾದ್ಯ ಹೊಂದಿಸೂದೂ ಕಲಿಕೆಯ ಭಾಗ ಅಂತ ಅವರಿಗೆ ಯಾರೂ ಬ್ಯಾರೆ ಹೇಳೋ ಅವಶ್ಯಕತೆ ಇರಲಿಲ್ಲ. ಡಬ್ಬಿಯೊಳಗ ಬಂದ ವಾದ್ಯಕ್ಕ ಆ ಗುರು ಇರೂದಿಲ್ಲ, ಒಂದು ಅಲನ್ ಕೀ ಇರ್ತದ, ಅದು ಯಾತಕ್ಕ ಅಂತ ಒಂದು ಸಾಲಿನ ಚೀಟಿನೂ ಇರೂದಿಲ್ಲ.

ನಮ್ಮ ಮನಿಯವ್ರ ವಾದ ಬ್ಯಾರೆ: "ರೊಕ್ಕ ಕೊಟ್ಟು ತಂದ ಮ್ಯಾಲೆ ರಿಪೇರಿ ನಾವ್ಯಾಕ ಮಾಡಬೇಕು?" ಅದ್ರಾಗ ಅರ್ಧ ನಾನೂ ಒಪ್ಪತೀನಿ. ಮಾರೋರು ಹೊಂದಿಸಿ ಕೊಡಬೇಕು, ಆಗದಿದ್ರ 'ಇದನ್ನ ಹೊಂದಿಸಿಕೊಳ್ಳಬೇಕಾಗ್ತದ' ಅಂತ ಮೊದಲೇ ಹೇಳಬೇಕು. ನೆಕ್ಕು ತಿರುಚಿದ್ರ, ಫ್ರೆಟ್ಟು ಎದ್ದಿದ್ರ, ಸರಳು ಕೆಲಸ ಮಾಡದಿದ್ರ ಅದು ಮಾಲಿನ ತಪ್ಪೇ, ಒಂದು ದಿನನೂ ತಡ ಮಾಡದ ವಾಪಸ್ ಕಳಸ್ರಿ. ನೀವು ಕಾಯೋದ್ರಾಗ ವಾಪಸ್ಸಿನ ದಿನ ಮುಗಿದು ಹೋಗಬಾರದು, ಅದಕ್ಕೇ ನಕ್ಷೆ ಮೊದಲನೇ ದಿನನೇ ಹಾಕ್ರಿ ಅಂತೀನಿ. ಆದ್ರ ಕಟ್ಟಿಗಿ ಮತ್ತ ತಂತಿಯ ಸಾಮಾನು ಊರು ಬದಲಾದ್ರ, ಹವಾ ಬದಲಾದ್ರ, ತಂತಿಯ ದಪ್ಪ ಬದಲಾದ್ರ ಅಲಗಾಡೇ ಅಲಗಾಡ್ತದ. ಅಂಗಡಿಯವ್ರು ಎಷ್ಟು ಛಲೋ ಹೊಂದಿಸಿ ಕಳಿಸಿದ್ರೂ ಒಂದಿಲ್ಲೊಂದು ದಿನ ಆ ಕೀ ಮನ್ಯಾಗ ಕೈಗೆ ಬರೂದೇ.

ಈಗ ನಮ್ಮ ಮನ್ಯಾಗ ಸಂಜೀಕ ಏಳಕ್ಕ 'ಧುಂ ಧುಂ' ಶುರು ಆಗ್ತದ. ಮ್ಯಾಲಿನ ಮನಿಯವರು ಇನ್ನೂ ಏನೂ ಅಂದಿಲ್ಲ, ಪುಣ್ಯ. ಆ ನೋಟ್‌ಬುಕ್ ಗಿಟಾರಿನ ಚೀಲದಾಗ ಅದ, ಮಳೆಗಾಲ ಹಿಡಿದ ಮ್ಯಾಲೆ ಇನ್ನೊಂದು ಪುಟ ತುಂಬಸ್ಬೇಕು ಅಂತ ಮಗಳು ದಿನಾಂಕ ಬರೆದಿಟ್ಟಾಳ. ಬೆರಳಿನ ತುದಿ ಈಗ ಗಟ್ಟಿ ಆಗ್ಯಾವ, ರೊಟ್ಟಿ ತಾನೇ ಮುರಕೊಂಡು ತಿಂತಾಳ. ನಿಮ್ಮ ಮನ್ಯಾಗೂ ಯಾರರೆ ಹೊಸಾ ವಾದ್ಯ ತಂದು, ನಾಲ್ಕು ದಿನಕ್ಕ ಮೂಲ್ಯಾಗ ಇಟ್ಟಿದ್ರ, "ಯಾಕ ಬಿಟ್ಟಿ?" ಅಂತ ಕೇಳೋಕಿಂತ ಮೊದಲ ಒಂದು ಸಲ ಅವರ ಮುಂದ ಕೂತು, ಯಾವ ತಂತಿ, ಎಷ್ಟನೇ ಫ್ರೆಟ್ಟು ಅಂತ ಕೇಳಿ ನೋಡ್ರಿ.