ಸಾಲದ ಷರತ್ತು ಕನ್ನಡದಲ್ಲಿರಲಿ

ಶಂಕರನಾರಾಯಣ, ಹಾಲಾಡಿ, ಸಿದ್ದಾಪುರಗಳ ಕಡೆಯ ಗೃಹಸ್ಥರಿಗೆ ಸಾಲವೆಂಬುದು ಬಹುಕಾಲ ಮುಖಪರಿಚಯದ ವ್ಯವಹಾರವಾಗಿತ್ತು. ಅರ್ಜಿದಾರನ ಗದ್ದೆ ತೋಟಗಳನ್ನೂ ಜಾಮೀನು ನಿಂತವನ ಮನೆತನವನ್ನೂ ಬಲ್ಲ ಸಹಕಾರಿ ಸಂಘದ ಕಾರ್ಯದರ್ಶಿಗಳು, ಬಡ್ಡಿಯೆಷ್ಟು, ಕಂತೆಷ್ಟು, ತಪ್ಪಿದರೆ ದಂಡವೆಷ್ಟು ಎಂಬುದನ್ನು ಊರಮಾತಿನಲ್ಲಿಯೇ ತಿಳಿಯಹೇಳಿ ಸಹಿ ಪಡೆಯುತ್ತಿದ್ದರು. ಸಮೀಪದ ಮೊಳಹಳ್ಳಿಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತಿದ್ದ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘಕ್ಕೆ ಅಡಿಪಾಯವಿಟ್ಟುದೂ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಬಡವರ ಜಗಲಿಗೇ ಬಂದುದೂ ಈ ಪರಿಚಯದ ಬಲವನ್ನು ನಂಬಿಯೇ.

ಇಂದು ಅದೇ ಮನೆಗಳ ತರುಣನು, ಬೆಂಗಳೂರಿನ ಹೋಟೆಲಿನಲ್ಲಿಯೋ ಕುಂದಾಪುರದ ಅಂಗಡಿಯಲ್ಲಿಯೋ ದುಡಿಯುತ್ತ, ತಂಗಿಯ ಮದುವೆಗೋ ಮನೆಯ ಮಾಡಿನ ದುರಸ್ತಿಗೋ ಪರ್ಸನಲ್ ಲೋನ್ ಬೇಕಾದಾಗ, ಪ್ಯಾನ್ ಸಂಖ್ಯೆಯನ್ನೂ ಒಟಿಪಿಯನ್ನೂ ಕೊಟ್ಟೊಡನೆ ಹಲವು ಬ್ಯಾಂಕುಗಳ ಸಾಲಗಳನ್ನು ಏಕತ್ರ ತೋರಿಸುವ ಜಾಲತಾಣವನ್ನು ಆಶ್ರಯಿಸುತ್ತಾನೆ. ಇದನ್ನು ನಾನು ಹಳಿಯಲಾರೆ. ಒಬ್ಬ ಮ್ಯಾನೇಜರರ ಕೃಪೆಗೆ ಕಾದು ಕುಳಿತಿರಬೇಕಾಗಿದ್ದವನಿಗೆ ಆಯ್ಕೆಯ ಸ್ವಾತಂತ್ರ್ಯ ದೊರೆತುದು ಅಲ್ಪ ಲಾಭವಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ಮಾಡಿದ ಆಯ್ಕೆಯು ಆಯ್ಕೆಯೇ ಅಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಲಕ್ಷ ರೂಪಾಯಿಯ ಸಾಲವನ್ನು ಶೇಕಡಾ 14ರ ಬಡ್ಡಿಗೆ ತೆಗೆದುಕೊಂಡರೆ, 24 ತಿಂಗಳ ಅವಧಿಗೆ ಕಂತು ಸುಮಾರು 9,600 ರೂಪಾಯಿ. 60 ತಿಂಗಳಿಗೆ ಸುಮಾರು 4,650. ಕಂತು ಹಗುರವಾಯಿತೆಂದು ಎರಡನೆಯದಕ್ಕೆ ಒಪ್ಪಿದವನು, ಸುಮಾರು ಮೂವತ್ತು ಸಾವಿರದಲ್ಲಿ ಮುಗಿಯಬಹುದಾಗಿದ್ದ ಬಡ್ಡಿಗೆ ಬದಲಾಗಿ ಎಪ್ಪತ್ತೊಂಬತ್ತು ಸಾವಿರವನ್ನು ತೆರುತ್ತಾನೆ. ಇನ್ನು ಶೇಕಡಾ 3ರ ಪ್ರೊಸೆಸಿಂಗ್ ಶುಲ್ಕವೂ ಅದರ ಮೇಲಿನ ಜಿಎಸ್‌ಟಿಯೂ ಸೇರಿ 7,080 ರೂಪಾಯಿ ಮೊದಲಿಗೇ ಕಡಿತವಾದರೆ, 24 ತಿಂಗಳ ಸಾಲದ ವಾಸ್ತವ ವಾರ್ಷಿಕ ವೆಚ್ಚವು ಶೇಕಡಾ 17.5ನ್ನು ಮೀರುತ್ತದೆ. ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು 14 ಮಾತ್ರ!

ರಿಸರ್ವ್ ಬ್ಯಾಂಕು ಇದನ್ನು ಕಾಣದೆ ಇಲ್ಲ. ಸಕಲ ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ಕಾಣಿಸುವ ಪ್ರಮುಖಾಂಶಗಳ ಪತ್ರವನ್ನು ಸಾಲಗಾರನಿಗೆ ಮುಂಚಿತವಾಗಿ ಕೊಡಬೇಕು, ಅದು ಆತನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಆತನಿಗೆ ವಿವರಿಸಬೇಕು ಎಂದು ಅದು 2024ರಲ್ಲಿಯೇ ವಿಧಿಸಿದೆ. 2025ರ ನಿರ್ದೇಶನದ ಮೇರೆಗೆ, ಅನೇಕ ಸಂಸ್ಥೆಗಳ ಸಾಲವನ್ನು ತೋರಿಸುವವರು ಯಾವ ಸಂಸ್ಥೆಯ ಕಡೆಗೂ ವಾಲದೆ ಎಲ್ಲವನ್ನೂ ತೋರಿಸತಕ್ಕದ್ದು. ಸಾಲ ಪಡೆದವನು ಒಂದು ದಿನಕ್ಕೆ ಕಡಿಮೆಯಿಲ್ಲದ ಗೊತ್ತಾದ ಅವಧಿಯೊಳಗೆ, ದಂಡವಿಲ್ಲದೆ, ಅಸಲನ್ನೂ ಆ ಅವಧಿಯ ಬಡ್ಡಿಯನ್ನೂ ಹಿಂದಿರುಗಿಸಿ ಋಣಮುಕ್ತನಾಗಬಹುದು. ಮೊಬೈಲಿನೊಳಗಿನ ಬಂಧುಮಿತ್ರರ ಸಂಖ್ಯೆಗಳನ್ನು ಸಾಲದ ಆ್ಯಪು ಮುಟ್ಟುವಂತಿಲ್ಲ.

ಇಷ್ಟು ಸ್ಪಷ್ಟವಾದ ವಿಧಿಯಿದ್ದೂ, ಇಂಗ್ಲಿಷಿನ ಹಲವು ಪುಟಗಳ ಕೆಳಗೆ ‘ಒಪ್ಪಿದ್ದೇನೆ’ ಎಂಬ ಒಂದು ಗುರುತನ್ನು ಒತ್ತಿಸಿಕೊಂಡು ಅದನ್ನೇ ಸಮ್ಮತಿಯೆಂದು ಎಣಿಸುವುದು ಅನ್ಯಾಯ. ಇದಲ್ಲದೆ, ಬೆರಳಿನ ಒಂದೊಂದು ಒತ್ತಿಗೆ ಒಂದೊಂದು ಸಂಸ್ಥೆಗೆ ಅರ್ಜಿ ಹೋಗಿ, ಅಲ್ಪಕಾಲದಲ್ಲಿ ಅನೇಕ ವಿಚಾರಣೆಗಳು ದಾಖಲಾದರೆ ಸಿಬಿಲ್ ಅಂಕವೂ ತಗ್ಗಬಹುದು. ಆಗ ನಿಜವಾಗಿ ಅಗತ್ಯ ಬಿದ್ದಾಗ ಊರ ಬ್ಯಾಂಕಿನಲ್ಲಿಯೂ ಸಾಲ ದುರ್ಲಭವಾಗುತ್ತದೆ.

ಜಾಲತಾಣ ನಡೆಸುವವರೂ ಅವರ ಹಿಂದಿರುವ ಬ್ಯಾಂಕುಗಳೂ ಪ್ರಮುಖಾಂಶಗಳ ಪತ್ರವನ್ನು ಕನ್ನಡದಲ್ಲಿ, ಸಾಲಗಾರನು ಕೇಳದೆಯೇ ಮುಂದಿಡಬೇಕು. ಅಲ್ಲಿಯವರೆಗೆ ನಮ್ಮ ಸಹಕಾರಿ ಸಂಘಗಳು, ಸಾಲ ತಾವು ಕೊಡದಿದ್ದರೂ, ಅಂಥ ಪತ್ರವನ್ನು ಓದಿ ಹೇಳುವ ಒಬ್ಬರನ್ನು ವಾರಕ್ಕೊಮ್ಮೆಯಾದರೂ ಕುಳ್ಳಿರಿಸಲಿ. ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ; ಬರುವವರೆಗೆ ಒಪ್ಪಿಗೆಯನ್ನು ಒತ್ತಬೇಡಿ.