ಹರಾಮಿಗೆ ರಾಜ್ಯದ ಗಡಿಯಿಲ್ಲ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ಯುವಕರ ಬಾಯಲ್ಲಿ ಈಚೆಗೆ ಒಂದು ವಾದ ಕೇಳಿಬರುತ್ತಿದೆ. "ಹಜರತ್, ಗೋವಾದಲ್ಲಿ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಅಲ್ಲಿಯ ಕಾನೂನೇ ಬೇರೆ" ಎನ್ನುತ್ತಾರೆ. ಹಿರಿಯರಲ್ಲಿಯೂ ಕೆಲವರು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಆಡುತ್ತಾರೆ: "ಸನ್ನದು ಕೊಟ್ಟದ್ದು ಸರಕಾರ, ಸುಂಕ ಎತ್ತುವುದು ಸರಕಾರ, ನಾವು ಬರೀ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ." ಇಬ್ಬರೂ ಸರಕಾರದ ಕಾನೂನನ್ನೇ ಹಲಾಲ್-ಹರಾಮಿನ ಅಳತೆಗೋಲಾಗಿ ಹಿಡಿದಿದ್ದಾರೆ. ಆ ಅಳತೆಗೋಲು ಎಂಥದ್ದು ಎಂಬುದನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿದರೆ ಎರಡೂ ವಾದಗಳು ನಿಲ್ಲುವುದಿಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿ ಮದ್ಯವನ್ನು ರಾಜ್ಯಗಳ ಪಟ್ಟಿಗೆ ಸೇರಿಸಿದೆ. 2017ರಲ್ಲಿ ಜಿಎಸ್‌ಟಿ ಬಂದು ದೇಶವೆಲ್ಲ ಒಂದೇ ತೆರಿಗೆ ಎಂದು ಸಾರಿದಾಗಲೂ ಕುಡಿಯುವ ಮದ್ಯವನ್ನು ಮಾತ್ರ ಅದರ ಹೊರಗೆ ಇಡಲಾಯಿತು. ಹೀಗಾಗಿ ಪ್ರತಿ ರಾಜ್ಯವೂ ತನಗೆ ತೋಚಿದಂತೆ ಬೆಲೆ, ವಯಸ್ಸು, ವೇಳೆಗಳನ್ನು ಗೊತ್ತುಮಾಡುತ್ತದೆ. ನಮ್ಮ ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಉತ್ತರಕ್ಕೆ ಸಾಗಿದರೆ ಕೊಗನೊಳಿಯ ಬಳಿ ಮಹಾರಾಷ್ಟ್ರದ ಗಡಿ ಸಿಗುತ್ತದೆ. ಗಡಿಯ ಈಚೆ 21 ವರ್ಷ ತುಂಬಿದವನಿಗೆ ಮದ್ಯ ಮಾರಬಹುದು; ಆಚೆ ಬಿಯರಿಗೆ 21, ಅದಕ್ಕಿಂತ ತೀಕ್ಷ್ಣವಾದುದಕ್ಕೆ 25. ಕೇರಳದಲ್ಲಿ 23. ಗಡಿಯ ಕಲ್ಲನ್ನು ದಾಟಿದ ಮಾತ್ರಕ್ಕೆ ಒಬ್ಬ ತರುಣನ ಬುದ್ಧಿ ನಾಲ್ಕು ವರ್ಷ ಹಿಂದೆ ಮುಂದೆ ಆಗುವುದೇ? ಕರ್ನಾಟಕದಲ್ಲಿಯೂ ಈ 21ನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಹೊರಡಿಸಿ, ಜನರ ಆಕ್ಷೇಪಣೆ ಬಂದ ಮೇಲೆ ಕೈಬಿಡಲಾಯಿತು. ಆಕ್ಷೇಪಣೆ ಬರದೇ ಹೋಗಿದ್ದರೆ ಪಿಯುಸಿ ಮುಗಿಸಿದ ನಮ್ಮ ಮಕ್ಕಳು ಇಂದು ಕಾನೂನಿನ ಕಣ್ಣಿಗೆ ಅರ್ಹ ಗಿರಾಕಿಗಳಾಗಿರುತ್ತಿದ್ದರು.

ಬೆಲೆಯ ಕತೆ ಇದಕ್ಕಿಂತ ವಿಚಿತ್ರ. ಗೋವಾದಲ್ಲಿ ಸುಂಕ ಕಡಿಮೆ, ಆದುದರಿಂದ ಅಲ್ಲಿಯ ಬಾಟಲಿಗಳು ಅನಮೋಡ, ಮಾಜಾಳಿಗಳ ಚೆಕ್‌ಪೋಸ್ಟುಗಳನ್ನು ತಪ್ಪಿಸಿ ಈ ಕಡೆಗೆ ಬರುತ್ತವೆ. 2019ರ ನಂತರ ಆಂಧ್ರಪ್ರದೇಶದ ಸರಕಾರ ಅಂಗಡಿಗಳನ್ನೆಲ್ಲ ತಾನೇ ವಹಿಸಿಕೊಂಡು ಬೆಲೆ ಏರಿಸಿದಾಗ ಕರ್ನಾಟಕದ ಟೆಟ್ರಾ ಪ್ಯಾಕುಗಳು ಗಡಿ ದಾಟಿ ಅನಂತಪುರ, ಕರ್ನೂಲು ಜಿಲ್ಲೆಗಳಲ್ಲಿ ಪೊಲೀಸರ ಕೈಗೆ ಸಿಗತೊಡಗಿದವು. ಗೋವಾದ ಮುಂದೆ ನಮ್ಮ ರಾಜ್ಯ ದುಬಾರಿ, ಆಂಧ್ರದ ಮುಂದೆ ಅಗ್ಗ. 2024ರ ಅಕ್ಟೋಬರಿನಲ್ಲಿ ಅಲ್ಲಿಯ ಹೊಸ ಸರಕಾರ ಅಂಗಡಿಗಳನ್ನು ಮತ್ತೆ ಖಾಸಗಿಯವರಿಗೆ ಒಪ್ಪಿಸಿ 180 ಮಿಲಿಲೀಟರಿನ ಬಾಟಲಿಯನ್ನು 99 ರೂಪಾಯಿಗೆ ದೊರೆಯುವಂತೆ ಮಾಡಿತು. ಅಕ್ಕಿಯ ಬೆಲೆ, ಬೇಳೆಯ ಬೆಲೆ ಇಂತಿಷ್ಟೇ ಇರಲೆಂದು ಹಟ ಹಿಡಿಯದವರು ಇದಕ್ಕೆ ಹಟ ಹಿಡಿದರು! ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಆಂಧ್ರದಿಂದ ಲಾರಿಗಳು ಬಂದು ನಿಲ್ಲುವುದನ್ನು ಕಂಡವರಿಗೆ ಈ ಎರಡು ರಾಜ್ಯಗಳು ಎಷ್ಟು ಹತ್ತಿರದವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಸರಕಾರ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 20ರಷ್ಟು ಏರಿಸಿತು. ಕುಡಿತ ಕಡಿಮೆಯಾಗಲೆಂದು ಏರಿಸಿದರು ಎಂದು ನಂಬಿದವರೂ ಇದ್ದರು. ಮರುವರ್ಷವೇ, ನೆರೆಯ ರಾಜ್ಯಗಳ ಬೆಲೆಗೆ ಸರಿಹೊಂದಿಸುವ ನೆಪದಲ್ಲಿ ದುಬಾರಿ ಮದ್ಯದ ಸುಂಕವನ್ನು ಇಳಿಸಲಾಯಿತು. ಬಡವನು ಕುಡಿಯುವುದು ಏರಿದ ಬೆಲೆಯಲ್ಲೇ ಉಳಿಯಿತು, ಉಳ್ಳವನು ಕುಡಿಯುವುದು ಇಳಿಯಿತು. ಕಾರಣ ಸ್ಪಷ್ಟ: ಉಳ್ಳವನು ಕಾರಿನಲ್ಲಿ ಗೋವಾಕ್ಕೆ ಹೋಗಿ ತರಬಲ್ಲ, ಹಮಾಲಿಯು ಹೋಗಲಾರ. ಓಡಿಹೋಗಬಲ್ಲ ಗಿರಾಕಿಗೆ ರಿಯಾಯಿತಿ, ಸಿಕ್ಕಿಬಿದ್ದ ಗಿರಾಕಿಗೆ ಹೊರೆ. ಇದು ವ್ಯಾಪಾರಿಯ ಲೆಕ್ಕ, ಜನರ ಆರೋಗ್ಯವನ್ನು ಚಿಂತಿಸುವ ಆಳುವವರ ಲೆಕ್ಕವಲ್ಲ.

ಬೆಲೆ ಏರಿದರೆ ಕುಡಿತ ತಾನಾಗಿ ಇಳಿಯುವುದೆಂದು ಹೇಳುವ ವಿದ್ಯಾವಂತರು ಒಮ್ಮೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಂದಿರನ್ನು ಕೇಳಬೇಕು. ಕೈಯುರಿ, ಕಣ್ಣುರಿಗಳನ್ನು ಸಹಿಸಿ ದಿನವಿಡೀ ಕೂತು ದುಡಿದ ಕೂಲಿಯಲ್ಲಿ ಗಂಡನ ಬಾಟಲಿಗೆ ಇಷ್ಟು ಎಂದು ಮೊದಲೇ ಕಳೆದುಹೋಗುತ್ತದೆ. ಚಟ ಹತ್ತಿದವನಿಗೆ ಬೆಲೆ ಏರಿದರೆ ಬಾಟಲಿ ಕಡಿಮೆಯಾಗುವ ಮೊದಲು ಮನೆಯ ಎಣ್ಣೆ, ಮಕ್ಕಳ ನೋಟುಬುಕ್ಕು, ಮುದಿ ತಾಯಿಯ ಗುಳಿಗೆ ಕಡಿಮೆಯಾಗುತ್ತವೆ. ಅದೇ ತಾಯಿಯ ಖಾತೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುತ್ತದೆ. ಸಂತೋಷ, ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ 2025-26ರ ಬಜೆಟ್ಟಿನಲ್ಲಿ ಆ ಯೋಜನೆಗೆ ತೆಗೆದಿಟ್ಟದ್ದು 28,608 ಕೋಟಿ ರೂಪಾಯಿ, ಅದೇ ವರ್ಷ ಅಬಕಾರಿಯಿಂದ ಎತ್ತಬೇಕೆಂದು ಇಟ್ಟ ಗುರಿ 40,000 ಕೋಟಿ. ಹೆಂಡತಿಯ ಕೈಗೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಗಂಡನ ಕೈಯಿಂದ ಹಿಂದಕ್ಕೆ ಪಡೆಯುವ ಲೆಕ್ಕವನ್ನು ಕಲ್ಯಾಣವೆಂದು ಕರೆಯುವುದು ಹೇಗೆ? "ಈ ಹಣ ಬರದಿದ್ದರೆ ಬಡವರ ಯೋಜನೆಗಳು ನಿಲ್ಲುತ್ತವೆ" ಎಂಬುದು ಅಧಿಕಾರದಲ್ಲಿದ್ದ ಎಲ್ಲ ಪಕ್ಷಗಳೂ ಆಡಿದ ಮಾತು.

ಈ ಮಾತಿಗೆ ಮದೀನಾದಲ್ಲಿಯೇ ಉತ್ತರ ದೊರೆತಿದೆ. ಮದ್ಯವು ಹರಾಮ್ ಎಂಬ ಆದೇಶ ಬಂದಾಗ ಅಬೂ ತಲ್ಹಾ(ರ) ಅವರು ಪ್ರವಾದಿವರ್ಯರ(ಸ) ಬಳಿಗೆ ಬಂದು, ತಮ್ಮ ಆಶ್ರಯದಲ್ಲಿದ್ದ ಅನಾಥ ಮಕ್ಕಳಿಗೆ ಪಿತ್ರಾರ್ಜಿತವಾಗಿ ಬಂದಿದ್ದ ಮದ್ಯವನ್ನು ಏನು ಮಾಡಬೇಕೆಂದು ಕೇಳಿದರು. ಚೆಲ್ಲಿಬಿಡಲು ಅಪ್ಪಣೆಯಾಯಿತು. ಸಿರ್ಕಾ ಮಾಡಿಕೊಳ್ಳಬಹುದೇ ಎಂದರೆ ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವನಿಗೆ ಕುರ್‌ಆನ್ ಎಷ್ಟು ಕಠೋರವಾದ ಎಚ್ಚರಿಕೆ ಕೊಟ್ಟಿದೆಯೆಂಬುದು ನಮಗೆಲ್ಲ ಗೊತ್ತು. ಅಂಥ ಅನಾಥರ ಸೊತ್ತನ್ನೇ ಬೀದಿಗೆ ಚೆಲ್ಲಿಸಲಾಯಿತು! ಬಡವನ ಹಿತದ ಹೆಸರಿನಲ್ಲಿ ಮದ್ಯದ ಹಣವನ್ನು ಸಮರ್ಥಿಸುವ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕೇ?

ಇನ್ನೊಂದು ಜಾಣ ಮಾತೂ ಉಂಟು. ಕುರ್‌ಆನ್ ಕೂಡ ಮದ್ಯವನ್ನು ಹಂತಹಂತವಾಗಿ ನಿಷೇಧಿಸಿತಲ್ಲವೇ, ಸರಕಾರವೂ ನಿಧಾನವಾಗಿ ಮಾಡಲಿ ಎಂಬುದು. ಅಲ್‌ಬಕರಾದಲ್ಲಿ ಅದರ ಪಾಪವು ಲಾಭಕ್ಕಿಂತ ದೊಡ್ಡದೆಂದು ತಿಳಿಸಲಾಯಿತು, ಅನ್ನಿಸಾದಲ್ಲಿ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆನ್ನಲಾಯಿತು, ಅಲ್‌ಮಾಇದದಲ್ಲಿ ಸಂಪೂರ್ಣವಾಗಿ ದೂರವಿರಲು ಆಜ್ಞೆಯಾಯಿತು. ಈ ಮೂರು ಹೆಜ್ಜೆಗಳೂ ಒಂದೇ ದಿಕ್ಕಿಗೆ ಇಟ್ಟವು. ಸರಕಾರದ ಹೆಜ್ಜೆಗಳು ಬಜೆಟ್ಟಿಗೊಂದು ದಿಕ್ಕು.

ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿರಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು, 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ತುಂಗಭದ್ರೆಯ ಆಚೆ ದಡದ ಹರಿಹರ ಮೈಸೂರಿಗೆ ಸೇರಿದ್ದರಿಂದ ಅಲ್ಲಿ ಬೇರೊಂದು ಸರಕಾರದ ಕಾನೂನು. ಏಕೀಕರಣವಾದ ಮೇಲೆ, 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ತೆಗೆದುಹಾಕಿತು. ರಾಣೆಬೆನ್ನೂರಿನಲ್ಲಿ ನಿನ್ನೆ ಅಪರಾಧವಾಗಿದ್ದುದು ಇಂದು ವ್ಯಾಪಾರವಾಯಿತು. ಮಹಾರಾಷ್ಟ್ರದಲ್ಲಿ ಆ ಹಳೆಯ ಕಾಯ್ದೆ ನಿಷೇಧದ ಹೆಸರಿನಲ್ಲಿಯೇ ಈಗಲೂ ಇದೆ, ಅದರ ಅಡಿಯಲ್ಲಿಯೇ ಸನ್ನದುಗಳನ್ನೂ ಕೊಡುತ್ತಾರೆ. ಅದೇ ಕಾಯ್ದೆಯನ್ನು ಪಡೆದ ಗುಜರಾತು ಇಂದಿಗೂ ನಿಷೇಧವನ್ನು ಉಳಿಸಿಕೊಂಡಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದವರು ಸನ್ನದಿನ ಅಂಗಡಿಯ ಅಗ್ಗದ ಮದ್ಯಕ್ಕೆ ಬಂದರು. ಹೆಸರು ಬದಲಾದರೆ ವಸ್ತು ಬದಲಾಗದು. ಬುದ್ಧಿಯನ್ನು ಮುಸುಕುವುದೆಲ್ಲವೂ ಖಮ್ರ್ ಎಂದು ಉಮರ್(ರ) ಅವರು ಮಿಂಬರಿನ ಮೇಲಿಂದ ವಿವರಿಸಿದ್ದು ಇದನ್ನೇ. "ಬಿಯರ್ ತಾನೇ" ಎನ್ನುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ನಿಷೇಧ ಹೇರಿದರೆ ಜನ ಕಳ್ಳಭಟ್ಟಿ ಕುಡಿದು ಸಾಯುತ್ತಾರೆಂದು ಹೆದರಿಸುವವರಿದ್ದಾರೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತಾಗ ರಾಜ್ಯದಲ್ಲಿ ನಿಷೇಧವಿರಲಿಲ್ಲ. 2024ರಲ್ಲಿ ಕಳ್ಳಕುರಿಚಿಯಲ್ಲಿ ಸತ್ತವರ ರಾಜ್ಯದಲ್ಲಿ ಸರಕಾರವೇ ಅಂಗಡಿ ನಡೆಸುತ್ತದೆ.

ನ್ಯಾಯಾಲಯದ ದಾರಿಯೂ ಹಾಗೆಯೇ ಆಯಿತು. ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಾವೇರಿ, ರಾಣೆಬೆನ್ನೂರಿನಂಥ ಹೆದ್ದಾರಿಯ ಊರುಗಳಲ್ಲಿ ಎಷ್ಟೋ ಮನೆಗಳು ಉಸಿರುಬಿಟ್ಟವು. ಮರುವರ್ಷ ಅದು ಸಣ್ಣ ಊರುಗಳಿಗೆ 220 ಮೀಟರಾಯಿತು, ಆಮೇಲೆ ನಗರಸಭೆ, ಪುರಸಭೆಗಳ ಎಲ್ಲೆಯೊಳಗೆ ಅದು ಅನ್ವಯಿಸುವುದಿಲ್ಲವೆಂದಾಯಿತು. ಟೇಪು ಹಿಡಿದು ಅಳೆಯುವ ಧರ್ಮ ಇಷ್ಟೇ.

ಸರಕಾರವನ್ನು ಬೈದು ಮುಗಿಸುವುದು ಸುಲಭ. ನಮ್ಮೊಳಗಿನದನ್ನೂ ಆಡಬೇಕಾಗಿದೆ. ಪ್ರವಾದಿವರ್ಯರು(ಸ) ಮದ್ಯಕ್ಕೆ ಸಂಬಂಧಿಸಿ ಶಪಿಸಿದ್ದು ಹತ್ತು ಜನರನ್ನು: ಹಿಂಡಿದವನು, ಹಿಂಡಿಸಿದವನು, ಕುಡಿದವನು, ಹೊತ್ತವನು, ಹೊರಿಸಿಕೊಂಡವನು, ಸುರಿದುಕೊಟ್ಟವನು, ಮಾರಿದವನು, ಅದರ ಬೆಲೆಯನ್ನು ತಿಂದವನು, ಕೊಂಡವನು, ಯಾರಿಗಾಗಿ ಕೊಂಡರೋ ಅವನು. ಈ ಹತ್ತರಲ್ಲಿ ಕುಡಿದವನು ಒಬ್ಬನೇ ಎಂಬುದನ್ನು ಲೆಕ್ಕ ಹಾಕಿರಿ. ಗೋವಾದಿಂದ ಹಿಂದಿರುಗುವಾಗ ಸೀಟಿನ ಕೆಳಗೆ ನಾಲ್ಕು ಬಾಟಲಿ ಅಡಗಿಸಿ, "ನಾನು ಕುಡಿಯುವುದಿಲ್ಲ, ಗೆಳೆಯ ಹೇಳಿದ್ದ" ಎನ್ನುವ ಚಾಲಕ ಹೊತ್ತವನಲ್ಲವೇ? ಹೆದ್ದಾರಿ ಬದಿಯ ಮಳಿಗೆಯನ್ನು ಶೆರೆ ಅಂಗಡಿಗೆ ಕೊಟ್ಟು, ಬೇರೆ ವ್ಯಾಪಾರಿ ಕೊಡುವುದಕ್ಕಿಂತ ಹೆಚ್ಚು ಬಾಡಿಗೆ ಎಣಿಸಿಕೊಳ್ಳುವ ಹಾಜಿ ಸಾಹೇಬರು ಅದರ ಬೆಲೆಯಲ್ಲಿ ಪಾಲು ತಿನ್ನುತ್ತಿಲ್ಲವೇ? ಮುಸ್ಲಿಮೇತರನ ಮನೆಯ ಮೂಲಕ ಮದ್ಯ ಮಾರಲು ಮನೆಯನ್ನು ಬಾಡಿಗೆಗೆ ಕೊಡಬಹುದೇ ಎಂಬ ಹಳೆಯ ಫಿಕ್‌ಹ್ ಚರ್ಚೆಯ ಒಂದು ತುಣುಕನ್ನು ಹಿಡಿದುಕೊಂಡು ಬರುವವರಿಗೆ ಒಂದೇ ಮಾತು: ಕೆಡುಕಿನಲ್ಲಿ ಪರಸ್ಪರ ನೆರವಾಗಬಾರದೆಂಬ ಅಲ್‌ಮಾಇದದ ಆಜ್ಞೆ ಬಾಡಿಗೆ ಕರಾರಿನ ಹೊರಗೆ ನಿಲ್ಲುವುದಿಲ್ಲ. ಅದೇ ಹಣದಿಂದ ಮಸೀದಿಯ ಚಂದಾ ಬಂದರೆ ರಸೀದಿ ಹರಿದುಕೊಡುವ ಕಮಿಟಿಯವರಿಗೂ ನಮ್ಮ ಪ್ರಶ್ನೆ ಇದೆ.

ನಮ್ಮ ಹಿಂದಿನವರು ಹೀಗಿರಲಿಲ್ಲ. 1921ರ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಜನರ ಮೇಲೆ ಬ್ರಿಟಿಷರ ಪೊಲೀಸರು ಗುಂಡು ಹಾರಿಸಿದರು. ಮಡಿದ ಮೂವರು ಖಿಲಾಫತ್ ಸ್ವಯಂಸೇವಕರು, ನಮ್ಮವರು. ನಮ್ಮ ಜಿಲ್ಲೆಯ ಆಗಿನ ಮುಖ್ಯ ಪಟ್ಟಣದಲ್ಲಿ ಮದ್ಯದ ವಿರುದ್ಧ ರಕ್ತ ಚೆಲ್ಲಿದ ಸಮುದಾಯದ ಮಕ್ಕಳಿಗೆ ಆ ಹೆಸರುಗಳನ್ನು ಯಾವ ಮದ್ರಸಾದಲ್ಲಿ ಕಲಿಸುತ್ತಿದ್ದೇವೆ?

ಇತರರು ಸುಮ್ಮನೆ ಕುಳಿತಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಣಿಕೆಯ ಬದಲು ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. 2019ರ ಜನವರಿಯಲ್ಲಿ ಹಳ್ಳಿಯ ಬಡ ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ಅವರು ನಡೆದದ್ದು ನಮ್ಮ ಊರುಗಳ ಮುಂದೆ ಹಾಯುವ ಇದೇ ಹೆದ್ದಾರಿಯ ದಾರಿಯಲ್ಲಿ. ಹಾವೇರಿಗೆ ಬರುವ ಮಂತ್ರಿಗಳ ಕೊರಳಿಗೆ ಬೀಳುವ ಏಲಕ್ಕಿ ಹಾರವನ್ನು ಪೋಣಿಸುವ ಕೈಗಳು ನಮ್ಮವರವು. ಹಾರದ ಜೊತೆಗೆ ಒಂದು ಮನವಿಪತ್ರವನ್ನು ಕೊಟ್ಟ ಜಮಾಅತ್ ಯಾವುದು?

ಶಾಲೆ, ಆಸ್ಪತ್ರೆ, ಪ್ರಾರ್ಥನಾಲಯಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು ಅಬಕಾರಿ ನಿಯಮವಿದೆ. ಮೊಹಲ್ಲಾದ ಅಂಗಡಿ ಆ ಅಳತೆಗೆ ಬರುತ್ತದೆಯೇ ಎಂದು ಜಮಾಅತ್ ಮೊದಲು ಅಳೆದು ನೋಡಲಿ, ಬರುವುದಾದರೆ ನೆರೆಯ ಗುಡಿ, ಮಠದವರನ್ನೂ ಕೂಡಿಸಿಕೊಂಡು ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡಲಿ. ಖತೀಬರು ವರ್ಷದಲ್ಲಿ ಒಂದು ಜುಮಾವನ್ನಾದರೂ ಆ ಹತ್ತು ಜನರ ಹದೀಸಿಗೆ ಮೀಸಲಿಡಲಿ, ಮೊದಲ ಸಾಲಿನಲ್ಲಿ ಮಳಿಗೆಯ ಮಾಲೀಕರು ಕುಳಿತಿದ್ದರೂ ಸರಿಯೇ. ಅಬಕಾರಿ ಸನ್ನದುಗಳ ವರ್ಷ ಜೂನ್ 30ಕ್ಕೆ ಮುಗಿದು ಜುಲೈ 1ಕ್ಕೆ ಹೊಸದಾಗುತ್ತದೆ. ಧಾರವಾಡದ ಆ ಮೂವರು ಬಿದ್ದ ದಿನವೇ ಅದು. ಮುಂದಿನ ಜೂನ್ ಬರುವುದರೊಳಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಜಮಾಅತಿನ ಹಿರಿಯರು ಮಳಿಗೆ ಕೊಟ್ಟಿರುವ ನಮ್ಮವರ ಮನೆಗಳಿಗೆ ಒಬ್ಬೊಬ್ಬರಾಗಿ ಹೋಗಿ, ಈ ಸಲದ ಬಾಡಿಗೆ ಕರಾರಿಗೆ ಸಹಿ ಮಾಡಬೇಡಿರೆಂದು ಕೇಳಿಕೊಳ್ಳಲಿ.